ಎಎಂಎಚ್ 0.7: ಉಳಿದಿರುವ ಅಂಡಾಣುಗಳ ಲೆಕ್ಕ, ಉಳಿದಿರುವ ಸಮಯದ ಲೆಕ್ಕ

ಪ್ರಶ್ನೆ: ನನಗೆ 33 ವರ್ಷ. ದಾವಣಗೆರೆ ಹತ್ತಿರದ ಊರೊಂದರಲ್ಲಿ ಪ್ರೌಢಶಾಲಾ ಶಿಕ್ಷಕಿ. ಮದುವೆಯಾಗಿ ಮೂರು ವರ್ಷವಾಯಿತು. ಕಳೆದ 14 ತಿಂಗಳಿಂದ ಮಗುವಿಗಾಗಿ ಪ್ರಯತ್ನಿಸುತ್ತಿದ್ದೇವೆ. 27ನೇ ವಯಸ್ಸಿನಲ್ಲಿ ಎಡ ಅಂಡಾಶಯದ ಚಾಕಲೇಟ್ ಸಿಸ್ಟ್‌ಗೆ ಲ್ಯಾಪರೋಸ್ಕೋಪಿ ಆಗಿತ್ತು. ಆಮೇಲೆ ಮುಟ್ಟಿನ ನೋವಿಗೆಂದು ಎರಡು ವರ್ಷ ಗರ್ಭನಿರೋಧಕ ಮಾತ್ರೆ ತೆಗೆದುಕೊಂಡಿದ್ದೆ. ಮೊದಲು 29-30 ದಿನಕ್ಕೆ ಆಗುತ್ತಿದ್ದ ಮುಟ್ಟು ಈಗ 25 ದಿನಕ್ಕೇ ಆಗುತ್ತಿದೆ, ಆದರೆ ಒಂದು ತಿಂಗಳೂ ತಪ್ಪಿಲ್ಲ. ಈಚೆಗೆ ಮಾಡಿಸಿದ ಎಎಂಎಚ್ 0.7 ಬಂದಿದೆ, ಸ್ಕ್ಯಾನ್‌ನಲ್ಲಿ ಬಲಕ್ಕೆ ಮೂರು, ಎಡಕ್ಕೆ ಒಂದು ಫಾಲಿಕಲ್ ಎಂದು ಬರೆದಿದ್ದಾರೆ. ‘ಮೊಟ್ಟೆಗಳು ಮುಗಿಯುತ್ತಾ ಬಂದಿವೆ, ಈ ತಿಂಗಳೇ ಐವಿಎಫ್ ಶುರು ಮಾಡಿ, ಇಲ್ಲದಿದ್ದರೆ ದಾನಿಯ ಮೊಟ್ಟೆಯೇ ಗತಿ’ ಎಂದು ಅಲ್ಲಿನ ವೈದ್ಯರು ಹೇಳಿದರು. ಅಂಡಾಶಯಕ್ಕೆ ಪಿಆರ್‌ಪಿ ಚುಚ್ಚಿದರೆ ಮೊಟ್ಟೆ ಹೆಚ್ಚುತ್ತದೆ ಎಂದೂ ಹೇಳಿದರು. ತಡವಾಗಿ ಮದುವೆಯಾಗಿದ್ದೇ ಕಾರಣ ಎಂಬುದು ಅತ್ತೆಯ ಮಾತು. ಆ ಮಾತ್ರೆಗಳಿಂದ ಮೈ ಉಷ್ಣವಾಗಿ ಹೀಗಾಯಿತು ಎಂಬುದು ಅಮ್ಮನ ಮಾತು. ಅಮ್ಮನಿಗೆ 41ಕ್ಕೇ ಮುಟ್ಟು ನಿಂತಿತ್ತು. ಐವಿಎಫ್ ಮಾಡಿಸಿದರೆ ಇರುವ ನಾಲ್ಕು ಮೊಟ್ಟೆಯೂ ಖಾಲಿಯಾಗುತ್ತದೆಯೇ? ನನ್ನ ತಂಗಿಗೆ 26 ವರ್ಷ, ಇನ್ನೂ ಮದುವೆಯಾಗಿಲ್ಲ. ಅವಳಿಗೂ ಹೀಗೇ ಆಗಬಹುದೇ, ಮೇಡಂ?

ಉತ್ತರ: ನೀವು ಕೇಳಿರುವ ಪ್ರಶ್ನೆಗಳು ಹಲವಾದರೂ ಅವುಗಳ ಬುಡದಲ್ಲಿರುವ ಆತಂಕ ಒಂದೇ: ನನ್ನದೇ ಅಂಡಾಣುವಿನಿಂದ ಮಗುವಾಗುವ ಸಾಧ್ಯತೆ ಮುಗಿಯಿತೇ ಎಂಬುದು. ಮುಗಿದಿಲ್ಲ. ನಿಮ್ಮ ವರದಿ ಹೇಳುತ್ತಿರುವುದು ನಿಮ್ಮ ಕೈಯಲ್ಲಿರುವ ಸಮಯ ನಿಮ್ಮ ವಯಸ್ಸಿನ ಇತರ ಹೆಣ್ಣುಮಕ್ಕಳಿಗೆ ಇರುವುದಕ್ಕಿಂತ ಕಡಿಮೆ ಎಂಬುದನ್ನು. ಇವೆರಡೂ ಬೇರೆ ಬೇರೆ ಮಾತುಗಳು. ನಿಮಗೆ ಸಲಹೆ ಕೊಟ್ಟವರು ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಟ್ಟಿದ್ದಾರೆ ಎಂದು ತೋರುತ್ತದೆ.

ಅಂಡಾಣುಗಳ ಲೆಕ್ಕ ಶುರುವಾಗುವುದು ನಾವು ಹುಟ್ಟುವ ಮೊದಲೇ. ಹೆಣ್ಣುಶಿಶು ತಾಯಿಯ ಹೊಟ್ಟೆಯಲ್ಲಿ ಐದು ತಿಂಗಳಿನದಾಗಿರುವಾಗ ಅದರ ಅಂಡಾಶಯಗಳಲ್ಲಿ ಸುಮಾರು 60ರಿಂದ 70 ಲಕ್ಷ ಅಂಡಾಣುಗಳಿರುತ್ತವೆ. ಹುಟ್ಟುವ ಹೊತ್ತಿಗೆ ಅವು 10ರಿಂದ 20 ಲಕ್ಷಕ್ಕೆ, ಮೈನೆರೆಯುವ ಹೊತ್ತಿಗೆ ಮೂರು ನಾಲ್ಕು ಲಕ್ಷಕ್ಕೆ ಇಳಿದಿರುತ್ತವೆ. 37-38ರ ವಯಸ್ಸಿಗೆ ಸುಮಾರು 25,000 ಉಳಿಯುತ್ತವೆ, ಮುಟ್ಟು ನಿಲ್ಲುವಾಗ ಸಾವಿರದಷ್ಟು. ಇಡೀ ಜೀವಮಾನದಲ್ಲಿ ಪಕ್ವವಾಗಿ ಹೊರಬರುವವು 400-500 ಮಾತ್ರ; ಮಿಕ್ಕವೆಲ್ಲ ಅಂಡಾಶಯದೊಳಗೇ ಕರಗಿಹೋಗುತ್ತವೆ. ಮುಟ್ಟಾಗುತ್ತಿರಲಿ, ಬಸಿರಾಗಿರಲಿ, ಮಾತ್ರೆ ತೆಗೆದುಕೊಳ್ಳುತ್ತಿರಲಿ, ಈ ಕರಗುವಿಕೆ ಒಂದು ದಿನವೂ ನಿಲ್ಲುವುದಿಲ್ಲ. ಹೊಸ ಅಂಡಾಣುಗಳನ್ನು ಹುಟ್ಟಿಸುವ ಔಷಧಿ ಇವತ್ತಿನವರೆಗೆ ಇಲ್ಲ.

ಎಎಂಎಚ್ ಎಂಬ ಹಾರ್ಮೋನನ್ನು ಸ್ರವಿಸುವುದು ಬೆಳೆಯತೊಡಗಿದ ಸಣ್ಣ ಫಾಲಿಕಲ್‌ಗಳು, ಅಂದರೆ ಅಂಡಾಣುವನ್ನು ಒಳಗಿಟ್ಟುಕೊಂಡಿರುವ ಪುಟ್ಟ ಚೀಲಗಳು. ಉಗ್ರಾಣದಲ್ಲಿ ದಾಸ್ತಾನು ಹೆಚ್ಚಿದ್ದರೆ ಬೆಳೆಯಲು ಹೊರಡುವ ಫಾಲಿಕಲ್‌ಗಳೂ ಹೆಚ್ಚು, ರಕ್ತದಲ್ಲಿ ಎಎಂಎಚ್ ಕೂಡ ಹೆಚ್ಚು. ಇದನ್ನು ಮುಟ್ಟಿನ ಯಾವ ದಿನವಾದರೂ ಪರೀಕ್ಷಿಸಬಹುದು. ಸ್ಕ್ಯಾನ್‌ನಲ್ಲಿ ನಾವು ಎಣಿಸುವುದೂ ಹೆಚ್ಚುಕಡಿಮೆ ಅದನ್ನೇ. ಮುಟ್ಟಿನ ಎರಡು ಮೂರನೇ ದಿನ ಒಳಗಿನಿಂದ ಸ್ಕ್ಯಾನ್ ಮಾಡಿದರೆ, ಬೂದು ಬಣ್ಣದ ಅಂಡಾಶಯದೊಳಗೆ ಎರಡರಿಂದ ಹತ್ತು ಮಿಲಿಮೀಟರ್‌ ಗಾತ್ರದ, ಸಾಸಿವೆಯಿಂದ ಕಡಲೆಕಾಳಿನವರೆಗಿನ ಕಪ್ಪು ಚುಕ್ಕೆಗಳು ಕಾಣುತ್ತವೆ. ನಿಮ್ಮಲ್ಲಿ ಅಂಥವು ಒಟ್ಟು ನಾಲ್ಕು. ನೀವು ‘ಇರುವ ನಾಲ್ಕು ಮೊಟ್ಟೆ’ ಎಂದು ಬರೆದಿದ್ದೀರಿ. ಆ ನಾಲ್ಕು ನಿಮ್ಮ ಒಟ್ಟು ದಾಸ್ತಾನಲ್ಲ, ಆ ತಿಂಗಳ ಸರದಿಯಲ್ಲಿ ಮುಂದೆ ಬಂದು ನಿಂತವು. ಅವುಗಳ ಹಿಂದೆ, ಯಾವ ಸ್ಕ್ಯಾನಿಗೂ ಕಾಣದಷ್ಟು ಚಿಕ್ಕವು ಸಾವಿರಾರು ಇರುತ್ತವೆ.

ಹಾಗೆಂದು ವರದಿಯನ್ನು ಹಗುರವಾಗಿ ತೆಗೆದುಕೊಳ್ಳಲೂ ಆಗದು. ಐವಿಎಫ್‌ನಲ್ಲಿ ಕಡಿಮೆ ಅಂಡಾಣು ಸಿಗುವವರನ್ನು ಗುರುತಿಸಲು 2016ರಲ್ಲಿ ರೂಪುಗೊಂಡ ಪೊಸೈಡನ್ ವರ್ಗೀಕರಣದಂತೆ ಎಎಂಎಚ್ 1.2ಕ್ಕಿಂತ ಕಡಿಮೆ ಅಥವಾ ಫಾಲಿಕಲ್‌ಗಳ ಸಂಖ್ಯೆ 5ಕ್ಕಿಂತ ಕಡಿಮೆ ಇದ್ದರೆ ಅಂಡಾಶಯದ ದಾಸ್ತಾನು ಕುಗ್ಗಿದೆ ಎಂದರ್ಥ, ಮತ್ತು ನಿಮ್ಮಲ್ಲಿ ಎರಡೂ ಒಂದೇ ಮಾತು ಹೇಳುತ್ತಿವೆ. ಈ ಅಂಕಿಗಳು ನ್ಯಾನೋಗ್ರಾಂ ಲೆಕ್ಕದವು. ಕೆಲವು ಲ್ಯಾಬ್‌ಗಳು ಪಿಕೋಮೋಲ್ ಲೆಕ್ಕದಲ್ಲಿ ಬರೆಯುತ್ತವೆ, ಅಲ್ಲಿ ನಿಮ್ಮ 0.7 ಎಂಬುದು 5 ಆಗಿರುತ್ತದೆ. ಹಾಗೆ ಬಂದ 5 ಅನ್ನು ನೋಡಿ ‘ಒಳ್ಳೇ ಎಎಂಎಚ್’ ಎಂದು ಎರಡು ವರ್ಷ ನಿಶ್ಚಿಂತೆಯಿಂದ ಕಳೆದು ಬಂದವರನ್ನು ನಾನು ಕಂಡಿದ್ದೇನೆ. ನಿಮ್ಮ ವರದಿಯ ಮೂಲೆಯಲ್ಲಿರುವ ಯೂನಿಟ್ ಅನ್ನು ಒಮ್ಮೆ ಓದಿಕೊಳ್ಳಿ.

ಆದರೆ ಎಎಂಎಚ್ ಹೇಳುವುದು ಎಷ್ಟಿವೆ ಎಂಬುದನ್ನು ಮಾತ್ರ, ಹೇಗಿವೆ ಎಂಬುದನ್ನಲ್ಲ. ಅಂಡಾಣುವಿನ ಗುಣವನ್ನು ಬಹುಮಟ್ಟಿಗೆ ನಿರ್ಧರಿಸುವುದು ವಯಸ್ಸು. ತಾಯಿಯ ಗರ್ಭದಲ್ಲೇ ಅರ್ಧಕ್ಕೆ ನಿಂತ ಕೋಶವಿಭಜನೆ ಆ ಅಂಡಾಣುವಿನ ಸರದಿ ಬಂದಾಗ, ಅಂದರೆ 30-40 ವರ್ಷಗಳ ಬಳಿಕ ಮುಂದುವರಿಯುತ್ತದೆ. ಅಷ್ಟು ಕಾಲ ವರ್ಣತಂತುಗಳನ್ನು ಜೋಡಿಯಾಗಿ ಹಿಡಿದಿಟ್ಟ ಪ್ರೋಟೀನುಗಳು ಸವೆದಿದ್ದರೆ ವರ್ಣತಂತುಗಳ ಹಂಚಿಕೆ ತಪ್ಪುತ್ತದೆ. ಅಂಥ ಭ್ರೂಣ ನೆಲೆಯೂರುವುದಿಲ್ಲ, ಊರಿದರೂ ಹಲವು ಸಲ ಗರ್ಭಪಾತದಲ್ಲಿ ಕೊನೆಯಾಗುತ್ತದೆ. ಐವಿಎಫ್ ಪ್ರಯೋಗಾಲಯದಲ್ಲಿ ಐದಾರು ದಿನ ಬೆಳೆಸಿದ ಭ್ರೂಣಗಳನ್ನು ಪರೀಕ್ಷಿಸಿದಾಗ ಮೂವತ್ತರ ಆರಂಭದ ವಯಸ್ಸಿನವರಲ್ಲಿ ಸುಮಾರು ಮೂರರಲ್ಲಿ ಒಂದು ಹೀಗೆ ದೋಷವುಳ್ಳದ್ದಾಗಿರುತ್ತದೆ, 40 ದಾಟಿದವರಲ್ಲಿ ಅರ್ಧಕ್ಕೂ ಹೆಚ್ಚು. ಆದ್ದರಿಂದ 41ರ ವಯಸ್ಸಿನಲ್ಲಿ ಎಎಂಎಚ್ 2.5 ಇರುವವರಿಗಿಂತ, 33ರಲ್ಲಿ 0.7 ಇರುವ ನಿಮ್ಮ ಒಂದೊಂದು ಅಂಡಾಣುವಿನ ಮೇಲೆ ನನಗೆ ಹೆಚ್ಚು ಭರವಸೆ. ನಿಮ್ಮ ಕೈಯಲ್ಲಿರುವ ಅತಿ ದೊಡ್ಡ ಅನುಕೂಲ ವಯಸ್ಸೇ, ಮತ್ತು ದಿನ ಕಳೆದಂತೆ ಕರಗುವುದೂ ಅದೇ.

ಇದಕ್ಕೆ ಒಂದು ಅಧ್ಯಯನದ ಆಧಾರವಿದೆ. ಗರ್ಭಧಾರಣೆಯ ತೊಂದರೆ ಈ ಹಿಂದೆ ಇಲ್ಲದ, ಆಗತಾನೇ ಮಗುವಿಗಾಗಿ ಪ್ರಯತ್ನ ಶುರುಮಾಡಿದ್ದ 30ರಿಂದ 44 ವರ್ಷದ ಮಹಿಳೆಯರನ್ನು ಅಮೆರಿಕದಲ್ಲಿ ಗಮನಿಸಿ 2017ರಲ್ಲಿ ಅದನ್ನು ಪ್ರಕಟಿಸಲಾಯಿತು. ಎಎಂಎಚ್ 0.7ಕ್ಕಿಂತ ಕಡಿಮೆ ಇದ್ದವರಲ್ಲಿ ಆರು ಮುಟ್ಟಿನ ಅವಧಿಯೊಳಗೆ ಸಹಜವಾಗಿ ಗರ್ಭ ನಿಲ್ಲುವ ಸಾಧ್ಯತೆ ಶೇ. 65 ಇತ್ತು, ಎಎಂಎಚ್ ಸರಿಯಿದ್ದವರಲ್ಲಿ ಶೇ. 62. ವ್ಯತ್ಯಾಸವೇ ಇಲ್ಲ ಎನ್ನಬಹುದು. ತಿಂಗಳಿಗೆ ಬೇಕಾಗುವುದು ಒಂದೇ ಅಂಡಾಣು ತಾನೇ. ಆದರೆ ಈ ಅಂಕಿಯನ್ನು ನೀವು ಹಾಗೇ ನಿಮಗೆ ಅನ್ವಯಿಸಿಕೊಳ್ಳುವಂತಿಲ್ಲ. ನೀವು 14 ತಿಂಗಳು ಪ್ರಯತ್ನಿಸಿದ್ದೀರಿ, ಚಾಕಲೇಟ್ ಸಿಸ್ಟ್ ಇತ್ತು ಎಂದರೆ ಎಂಡೊಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥ ಅಂಗಾಂಶ ಅದರ ಹೊರಗೆ ಬೆಳೆಯುವ ಕಾಯಿಲೆ) ಇದೆ ಎಂದರ್ಥ, ಮತ್ತು ಅದು ದಾಸ್ತಾನಿಗೆ ಸಂಬಂಧವಿಲ್ಲದ ಬೇರೆ ದಾರಿಗಳಲ್ಲೂ ಗರ್ಭಧಾರಣೆಗೆ ಅಡ್ಡಬರುತ್ತದೆ.

ಮುಟ್ಟು 25 ದಿನಕ್ಕೆ ಇಳಿದದ್ದನ್ನು ನೀವು ಗಮನಿಸಿ ಬರೆದದ್ದು ಒಳ್ಳೆಯದಾಯಿತು. ತಿಂಗಳು ತಪ್ಪದೆ ಮುಟ್ಟಾಗುತ್ತಿದ್ದರೆ ಅಂಡಾಣುಗಳು ಸಾಕಷ್ಟಿವೆ ಎಂದೇ ಎಲ್ಲರೂ ನಂಬಿರುತ್ತಾರೆ, ಅದು ನಿಜವಲ್ಲ. ಸಣ್ಣ ಫಾಲಿಕಲ್‌ಗಳು ಇನ್ಹಿಬಿನ್ ಎಂಬ ಇನ್ನೊಂದು ಹಾರ್ಮೋನಿನ ಮೂಲಕ ಮೆದುಳಿನ ಪಿಟ್ಯುಟರಿ ಗ್ರಂಥಿಯನ್ನು ಹತೋಟಿಯಲ್ಲಿಟ್ಟಿರುತ್ತವೆ. ಫಾಲಿಕಲ್‌ಗಳು ಕಡಿಮೆಯಾದಾಗ ಈ ಹತೋಟಿ ಸಡಿಲವಾಗಿ, ಪಿಟ್ಯುಟರಿ ಸ್ರವಿಸುವ, ಫಾಲಿಕಲ್ ಬೆಳೆಸುವ ಹಾರ್ಮೋನಾದ ಎಫ್‌ಎಸ್‌ಎಚ್ ಬೇಗ ಏರುತ್ತದೆ, ಮುಂದಿನ ಫಾಲಿಕಲ್ ಮುಟ್ಟಿನ ದಿನಗಳಲ್ಲೇ ಬೆಳೆಯಲು ಹೊರಡುತ್ತದೆ, ಅಂಡಾಣು 14-15ನೇ ದಿನದ ಬದಲು ಹತ್ತು ಹನ್ನೊಂದನೇ ದಿನಕ್ಕೇ ಬಿಡುಗಡೆಯಾಗುತ್ತದೆ. ತಿಂಗಳ ಮೊದಲರ್ಧ ನಾಲ್ಕೈದು ದಿನ ಮೊಟಕಾಗುವುದು ಹೀಗೆ. ಇದರಿಂದ ಒಂದು ವ್ಯಾವಹಾರಿಕ ವಿಷಯವೂ ಹೊರಡುತ್ತದೆ: ನೀವಿಬ್ಬರೂ ಕೂಡುವ ದಿನಗಳನ್ನು 14ನೇ ದಿನದ ಸುತ್ತ ಲೆಕ್ಕಹಾಕುತ್ತಿದ್ದರೆ ತಡವಾಗುತ್ತಿದೆ. ಎಂಟನೇ ದಿನದಿಂದಲೇ ದಿನ ಬಿಟ್ಟು ದಿನ ಎಂದಿಟ್ಟುಕೊಳ್ಳಿ.

ಈಗ ಕಾರಣಗಳು. ನಿಮ್ಮ ವಿಚಾರದಲ್ಲಿ ನಾನು ಮೊದಲು ಬೆರಳಿಡುವುದು ಆ ಶಸ್ತ್ರಚಿಕಿತ್ಸೆಯ ಮೇಲೆ, ಅಂದರೆ ಯಾರದೋ ತಪ್ಪಿನ ಮೇಲಲ್ಲ, ಆ ಕಾಯಿಲೆಯ ಸ್ವಭಾವದ ಮೇಲೆ. ಅಂಡಾಶಯದ ಬೇರೆ ಗಂಟುಗಳು ಹಣ್ಣಾದ ಕಿತ್ತಳೆಯ ಸಿಪ್ಪೆಯಂತೆ ಸಲೀಸಾಗಿ ಬಿಡಿಸಿಕೊಂಡು ಬರುತ್ತವೆ. ಚಾಕಲೇಟ್ ಸಿಸ್ಟ್ ಹಾಗಲ್ಲ. ಅದರ ಗೋಡೆ ಅಂಡಾಶಯದ ಹೊರಪದರಕ್ಕೆ ಅಂಟಿಕೊಂಡಿರುತ್ತದೆ, ಅಂಡಾಣುಗಳ ದಾಸ್ತಾನಿರುವುದು ಆ ಪದರದಲ್ಲೇ. ಎಷ್ಟು ಜೋಪಾನವಾಗಿ ಸುಲಿದರೂ ಗೋಡೆಯ ಜೊತೆಗೆ ಒಂದಿಷ್ಟು ಒಳ್ಳೆಯ ಅಂಗಾಂಶ ಎದ್ದುಬರುತ್ತದೆ. ರಕ್ತ ನಿಲ್ಲಿಸಲು ಸುಟ್ಟ ಕಡೆ ಇನ್ನಷ್ಟು ಹೋಗುತ್ತದೆ. ತೆಗೆದ ಗೋಡೆಯನ್ನು ಸೂಕ್ಷ್ಮದರ್ಶಕದಡಿ ನೋಡಿದರೆ ಅದರಲ್ಲಿ ಅಂಡಾಣುಗಳು ಕಾಣಸಿಗುವುದುಂಟು. ಆಪರೇಷನ್ ಮಾಡದೆ ಬಿಟ್ಟರೂ ಆ ಗಂಟಿನ ಸುತ್ತಲಿನ ಉರಿಯೂತ ದಾಸ್ತಾನನ್ನು ತಿನ್ನುತ್ತಲೇ ಇರುತ್ತದೆ. ನಿಮ್ಮ ಎಡಗಡೆ ಒಂದೇ ಫಾಲಿಕಲ್ ಉಳಿದಿರುವುದಕ್ಕೆ ಇದು ವಿವರಣೆ ಆದೀತು. ಬಲಗಡೆಯೂ ಮೂರೇ ಇರುವುದಕ್ಕೆ ಇದೊಂದೇ ಸಾಲದು.

ಅಲ್ಲಿಗೆ ಬರುವುದು ನಿಮ್ಮ ತಾಯಿಯ ಕಥೆ. ಪಾಶ್ಚಾತ್ಯ ದೇಶಗಳಲ್ಲಿ ಮುಟ್ಟು ನಿಲ್ಲುವ ಸರಾಸರಿ ವಯಸ್ಸು 51ರ ಆಸುಪಾಸು. ನಮ್ಮ ದೇಶದಲ್ಲಿ 46-47. ಐವಿಎಫ್‌ಗೆ ಬಂದ ಭಾರತೀಯ ಮತ್ತು ಸ್ಪೇನ್ ದೇಶದ ಮಹಿಳೆಯರನ್ನು ಹೋಲಿಸಿ 2014ರಲ್ಲಿ ಪ್ರಕಟವಾದ ಅಧ್ಯಯನವೊಂದು ನಮ್ಮವರ ಅಂಡಾಶಯ ಸುಮಾರು ಆರು ವರ್ಷ ಮುಂಚೆಯೇ ಸೊರಗುತ್ತದೆ ಎಂದು ಅಂದಾಜಿಸಿತ್ತು. ಆ ಸರಾಸರಿಗೂ ಐದಾರು ವರ್ಷ ಮೊದಲೇ, 41ಕ್ಕೇ, ನಿಮ್ಮ ತಾಯಿಗೆ ಮುಟ್ಟು ನಿಂತಿದೆ. ಮುಟ್ಟು ನಿಲ್ಲುವ ವಯಸ್ಸಿನಲ್ಲಿ ವಂಶವಾಹಿಗಳ ಪಾತ್ರ ದೊಡ್ಡದು, ಮತ್ತು ಸಾಮಾನ್ಯವಾಗಿ ಅದು ಒಂದು ಜೀನ್‌ನ ದೋಷವಲ್ಲ, ಹಲವು ಜೀನ್‌ಗಳ ಚಿಕ್ಕ ಚಿಕ್ಕ ಪಾಲು. ಕೆಲವರಲ್ಲಿ ಮಾತ್ರ ಎಫ್‌ಎಂಆರ್1 ಎಂಬ ಜೀನ್‌ನ ಬದಲಾವಣೆಯೋ, ಎಕ್ಸ್ ವರ್ಣತಂತುವಿನ ಕೊರತೆಯೋ ಸಿಗುತ್ತದೆ. ನಮ್ಮಲ್ಲಿ ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾಗುವ ರೂಢಿ ಇರುವುದರಿಂದ ಇನ್ನೊಂದು ಮಾತನ್ನೂ ಹೇಳಬೇಕು: ತಂದೆತಾಯಿ ಇಬ್ಬರಿಂದಲೂ ದೋಷವುಳ್ಳ ಪ್ರತಿ ಬಂದಾಗ ಮಾತ್ರ ಅಂಡಾಶಯವನ್ನು ಕೆಡಿಸುವ ಕೆಲವು ಅಪರೂಪದ ಜೀನ್‌ಗಳಿವೆ. ಅದಕ್ಕೆ ಲೆಕ್ಕಕ್ಕೆ ಬರುವುದು ನಿಮ್ಮ ತಂದೆತಾಯಿಯ ನಡುವಿನ ಸಂಬಂಧ. ನೀವು ಯಾರನ್ನು ಮದುವೆಯಾದಿರಿ ಎಂಬುದರಿಂದ ನಿಮ್ಮ ಅಂಡಾಶಯಕ್ಕೆ ಏನೂ ಆಗುವುದಿಲ್ಲ.

ಉಳಿದ ಕಾರಣಗಳೆಂದರೆ ಕ್ಯಾನ್ಸರಿಗೋ ಲೂಪಸ್‌ನಂಥ ಕಾಯಿಲೆಗೋ ಕೊಡುವ ಸೈಕ್ಲೋಫಾಸ್ಫಮೈಡ್‌ನಂಥ ಔಷಧಿ, ಕಿಬ್ಬೊಟ್ಟೆಗೆ ಕೊಟ್ಟ ರೇಡಿಯೇಷನ್, ಥೈರಾಯ್ಡ್ ಅಥವಾ ಅಡ್ರಿನಲ್ ಗ್ರಂಥಿಯ ಜೊತೆಗೆ ಬರುವ ಸ್ವಯಂನಿರೋಧಕ ತೊಂದರೆ, ಮತ್ತು ಧೂಮಪಾನ. ಧೂಮಪಾನ ಮಾಡುವವರಲ್ಲಿ ಮುಟ್ಟು ಒಂದೆರಡು ವರ್ಷ ಮೊದಲೇ ನಿಲ್ಲುತ್ತದೆ. ಗಂಡ ಮನೆಯೊಳಗೇ ಬೀಡಿ, ಸಿಗರೇಟು ಸೇದುತ್ತಿದ್ದರೆ ಹೊರಗೆ ಹೋಗಲು ಹೇಳಿ ಎನ್ನುವುದು ನನ್ನ ಹಳೆಯ ಸಲಹೆ.

ನಿಮ್ಮ ಅಮ್ಮನಿಗೆ ಹೇಳಿ, ಆ ಮಾತ್ರೆಗಳು ಇದನ್ನು ಮಾಡಿಲ್ಲ. ಮಾತ್ರೆ ತೆಗೆದುಕೊಳ್ಳುತ್ತಿರುವಾಗ ಎಎಂಎಚ್ ಕಡಿಮೆ ತೋರುವುದು ನಿಜ, ನಿಲ್ಲಿಸಿದ ಕೆಲವು ತಿಂಗಳಲ್ಲಿ ಅದು ತನ್ನ ಮಟ್ಟಕ್ಕೆ ಮರಳುತ್ತದೆ. ನೀವು ನಿಲ್ಲಿಸಿ ವರ್ಷದ ಮೇಲಾಗಿದೆ. ಎಂಡೊಮೆಟ್ರಿಯೋಸಿಸ್ ಮರಳದಂತೆ ತಡೆಯಲು ಆಪರೇಷನ್ ನಂತರ ಆ ಮಾತ್ರೆ ಕೊಡುವುದೇ ಸರಿಯಾದ ಕ್ರಮ. ಉಷ್ಣ, ಪಪ್ಪಾಯಿ, ಎಳ್ಳು ಇವುಗಳಿಗೂ ಅಂಡಾಣುಗಳ ಸಂಖ್ಯೆಗೂ ಸಂಬಂಧವಿಲ್ಲ. ಅತ್ತೆಯವರ ಮಾತಿನಲ್ಲಿ ಕಾಲುಭಾಗ ಸತ್ಯವಿದೆ: 25ರಲ್ಲಿ ಪ್ರಯತ್ನಿಸಿದ್ದರೆ ದಾರಿ ಸಲೀಸಾಗಿರುತ್ತಿತ್ತು. ಆದರೆ 30ಕ್ಕೆ ಮದುವೆಯಾದ ಎಲ್ಲರಿಗೂ ಎಎಂಎಚ್ 0.7 ಬರುವುದಿಲ್ಲ, ಮತ್ತು ಹಿಂದಿನದನ್ನು ಈಗ ತಿದ್ದಲಾಗುವುದೂ ಇಲ್ಲ. ಐವಿಎಫ್‌ನಿಂದ ದಾಸ್ತಾನು ಖಾಲಿಯಾಗುತ್ತದೆ ಎಂಬ ಭಯವೂ ಬೇಡ. ಪ್ರತಿ ತಿಂಗಳೂ ಸರದಿಗೆ ಬಂದ ಫಾಲಿಕಲ್‌ಗಳಲ್ಲಿ ಒಂದು ಗೆಲ್ಲುತ್ತದೆ, ಉಳಿದವು ಕರಗುತ್ತವೆ. ಇಂಜೆಕ್ಷನ್ ಮಾಡುವುದು ಆ ಕರಗಲಿದ್ದವನ್ನು ಉಳಿಸುವ ಕೆಲಸವನ್ನೇ. ಮುಂದಿನ ತಿಂಗಳ ಸರದಿಗೆ ಅದು ಕೈಹಾಕುವುದಿಲ್ಲ.

ನಿಮ್ಮ ದೀರ್ಘ ಪತ್ರದಲ್ಲಿ ಒಂದು ಪರೀಕ್ಷೆಯ ಹೆಸರೇ ಇಲ್ಲ. ನಿಮ್ಮ ಪತಿಯ ವೀರ್ಯ ಪರೀಕ್ಷೆ ಆಗಿದೆಯೇ? ಮಗುವಾಗದ ದಂಪತಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಕಡೆ ಗಂಡಸಿನ ಪಾಲೂ ಇರುತ್ತದೆ. ಆದರೂ ಆಪರೇಷನ್, ಸ್ಕ್ಯಾನ್, ರಕ್ತ ಎಲ್ಲವೂ ಹೆಂಡತಿಗೆ ಮುಗಿದ ಮೇಲೆ ‘ಇವರದ್ದೇನೂ ಇರಲಿಕ್ಕಿಲ್ಲ ಮೇಡಂ’ ಎನ್ನುವುದನ್ನು ನಾನು ಇವತ್ತಿಗೂ ವಾರಕ್ಕೆರಡು ಸಲ ಕೇಳುತ್ತೇನೆ. ಎರಡರಿಂದ ಐದು ದಿನ ಕೂಡದೆ ಅಂತರವಿಟ್ಟು ಈ ವಾರವೇ ಅದು ಆಗಲಿ. ಜೊತೆಗೆ ನಿಮ್ಮ ಗರ್ಭನಾಳಗಳು ತೆರೆದಿವೆಯೇ ಎಂದು ತಿಳಿಯಲು ಎಚ್‌ಎಸ್‌ಜಿ ಎಂಬ ಡೈ ಪರೀಕ್ಷೆ ಬೇಕು. ಎಂಡೊಮೆಟ್ರಿಯೋಸಿಸ್ ನಾಳಗಳನ್ನು ಅಂಟಿಸಬಲ್ಲದು. ನಮ್ಮಲ್ಲಿ ಸದ್ದಿಲ್ಲದೆ ನಾಳಗಳನ್ನು ಕೆಡಿಸುವ ಕ್ಷಯವೂ ಅಪರೂಪವಲ್ಲ. ಮುಟ್ಟಿನ ಎರಡನೇ ಅಥವಾ ಮೂರನೇ ದಿನ ಎಫ್‌ಎಸ್‌ಎಚ್ ಮತ್ತು ಅಂಡಾಶಯದ ಹಾರ್ಮೋನಾದ ಎಸ್ಟ್ರಡಯಾಲ್ ಎರಡನ್ನೂ ಒಟ್ಟಿಗೆ ನೋಡಬೇಕು, ಏಕೆಂದರೆ ಎಸ್ಟ್ರಡಯಾಲ್ ಹೆಚ್ಚಿದ್ದರೆ ಅದು ಎಫ್‌ಎಸ್‌ಎಚ್ ಅನ್ನು ಒತ್ತಿಹಿಡಿದು ವರದಿ ಚೆನ್ನಾಗಿರುವಂತೆ ತೋರಿಸುತ್ತದೆ. ಥೈರಾಯ್ಡ್ ಕೂಡ ನೋಡಲಿ. ಫೋಲಿಕ್ ಆಮ್ಲವನ್ನು ಇವತ್ತೇ ಶುರುಮಾಡಿ. ಇದೆಲ್ಲ ಒಂದು ತಿಂಗಳ ಕೆಲಸ. ಈ ಒಂದು ತಿಂಗಳಿನಿಂದ ನಿಮಗೆ ನಷ್ಟವಾಗುವುದಿಲ್ಲ. ‘ಈ ತಿಂಗಳೇ’ ಎಂಬ ಒತ್ತಡಕ್ಕೆ ಮಣಿದು ನಾಳ, ವೀರ್ಯ ಯಾವುದನ್ನೂ ನೋಡದೆ ಹಣ ಕಟ್ಟಿದರೆ ನಷ್ಟವಾಗಬಹುದು.

ನಾಳಗಳು ತೆರೆದಿದ್ದು ವೀರ್ಯವೂ ಚೆನ್ನಾಗಿದ್ದರೆ ಮಾತ್ರೆ ಮತ್ತು ಸ್ಕ್ಯಾನ್‌ನ ನೆರವಿನಿಂದ ಮೂರು ತಿಂಗಳು ಐಯುಐ, ಅಂದರೆ ವೀರ್ಯವನ್ನು ನೇರವಾಗಿ ಗರ್ಭಕೋಶದೊಳಗೆ ಬಿಡುವ ವಿಧಾನ, ಮಾಡಿ ನೋಡಬಹುದು. ಖರ್ಚು ಕಡಿಮೆ, ನೋವು ಕಡಿಮೆ. ಆದರೆ ಪ್ರತಿ ಸಲದ ಯಶಸ್ಸೂ ಕಡಿಮೆ, ಮತ್ತು ನಿಮ್ಮಂಥವರಲ್ಲಿ ಇದರ ದೊಡ್ಡ ಅಪಾಯವೆಂದರೆ ಮೂರು ಆರಾಗಿ, ಆರು ಹನ್ನೆರಡಾಗಿ ವರ್ಷ ಸರಿದುಹೋಗುವುದು. ಆರಂಭಿಸುವ ದಿನವೇ ಕೊನೆಯ ತಿಂಗಳನ್ನೂ ಕ್ಯಾಲೆಂಡರಿನಲ್ಲಿ ಗುರುತಿಟ್ಟುಕೊಂಡರೆ ಮಾತ್ರ ನಾನು ಇದಕ್ಕೆ ಒಪ್ಪುತ್ತೇನೆ. ನಾಳ ಮುಚ್ಚಿದ್ದರೆ ಅಥವಾ ವೀರ್ಯದಲ್ಲಿ ಕೊರತೆ ಇದ್ದರೆ ನೇರವಾಗಿ ಐವಿಎಫ್ ಒಳ್ಳೆಯದು. ನಿಮ್ಮ ವಯಸ್ಸು, 14 ತಿಂಗಳ ಪ್ರಯತ್ನ, ಎಂಡೊಮೆಟ್ರಿಯೋಸಿಸ್ ಮೂರನ್ನೂ ಕೂಡಿಸಿ ನೋಡಿದಾಗ, ಎಲ್ಲ ಸರಿಯಿದ್ದರೂ ಐಯುಐ ಬಿಟ್ಟು ಐವಿಎಫ್‌ಗೇ ಹೋಗುತ್ತೇನೆ ಎಂದು ನೀವು ಹೇಳಿದರೆ ನಾನು ತಡೆಯುವುದಿಲ್ಲ.

ಐವಿಎಫ್‌ನಲ್ಲಿ ಏನನ್ನು ನಿರೀಕ್ಷಿಸಬೇಕು ಎಂಬುದನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಹತ್ತು ಹನ್ನೆರಡು ದಿನ ಇಂಜೆಕ್ಷನ್, ಆಮೇಲೆ ಅರಿವಳಿಕೆ ಕೊಟ್ಟು ಸೂಜಿಯಿಂದ ಅಂಡಾಣು ಹೊರತೆಗೆಯುವುದು. ನಿಮ್ಮಲ್ಲಿ ಎರಡರಿಂದ ಐದು ಸಿಗಬಹುದು. ಒಂದೂ ಸಿಗದೆ ಅರ್ಧಕ್ಕೆ ನಿಲ್ಲಿಸಬೇಕಾದ ಸಾಧ್ಯತೆಯೂ ಇದೆ. ಸಿಕ್ಕವೆಲ್ಲ ಪಕ್ವವಾಗಿರುವುದಿಲ್ಲ, ಪಕ್ವವಾದವೆಲ್ಲ ಫಲಿತವಾಗುವುದಿಲ್ಲ, ಫಲಿತವಾದವುಗಳಲ್ಲಿ ಅರ್ಧದಷ್ಟು ಐದನೇ ದಿನ ತಲುಪುವುದಿಲ್ಲ. ಹಾಗಾಗಿ ಒಂದು ಸಲಕ್ಕೆ ಒಂದು ಒಳ್ಳೆಯ ಭ್ರೂಣ ಸಿಕ್ಕರೆ ಅದು ಒಳ್ಳೆಯ ಫಲಿತಾಂಶವೇ. ಎರಡು ಮೂರು ಸಲ ಅಂಡಾಣು ತೆಗೆದು ಭ್ರೂಣಗಳನ್ನು ಶೈತ್ಯದಲ್ಲಿ ಕೂಡಿಟ್ಟು ಆಮೇಲೆ ಗರ್ಭಕ್ಕಿಡುವ ಕ್ರಮವೂ ಇದೆ. ಎರಡು ಮಕ್ಕಳು ಬೇಕೆಂದಿದ್ದರೆ ಇದನ್ನು ಮೊದಲೇ ಮಾತಾಡಿಕೊಳ್ಳಿ, ಏಕೆಂದರೆ ಖರ್ಚೂ ಅಷ್ಟು ಪಟ್ಟು. ಅಂಡಾಣು ಕಡಿಮೆ ಇದೆಯೆಂದು ಇಂಜೆಕ್ಷನ್ ಪ್ರಮಾಣ ಏರಿಸುತ್ತ ಹೋದರೆ ಲಾಭವಿಲ್ಲ. ದಿನಕ್ಕೆ 300 ಯೂನಿಟ್‌ಗಿಂತ ಹೆಚ್ಚು ಕೊಡುವುದನ್ನು ಯುರೋಪಿನ ಸಂತಾನಚಿಕಿತ್ಸಾ ತಜ್ಞರ ಸಂಘವಾದ ಎಶ್ರೆಯ ಮಾರ್ಗಸೂಚಿ ಶಿಫಾರಸು ಮಾಡುವುದಿಲ್ಲ. ಸರದಿಯಲ್ಲಿ ನಾಲ್ಕೇ ಇದ್ದರೆ ಔಷಧಿ ಹತ್ತನ್ನು ಎಲ್ಲಿಂದ ತರುತ್ತದೆ?

ಪಿಆರ್‌ಪಿ ಬಗ್ಗೆ ಹೇಳುವುದಾದರೆ, ನಿಮ್ಮದೇ ರಕ್ತದ ಪ್ಲೇಟ್‌ಲೆಟ್ ಭಾಗವನ್ನು ಅಂಡಾಶಯಕ್ಕೆ ಚುಚ್ಚುವ ಈ ವಿಧಾನ ಇನ್ನೂ ಪ್ರಯೋಗದ ಹಂತದಲ್ಲಿದೆ. ಎಶ್ರೆ ಇದನ್ನು ದಿನನಿತ್ಯದ ಚಿಕಿತ್ಸೆಯಾಗಿ ಶಿಫಾರಸು ಮಾಡಿಲ್ಲ. ಸೂಜಿ ಚುಚ್ಚುವ ಯಾವುದೇ ಕೆಲಸಕ್ಕಿರುವ ರಕ್ತಸ್ರಾವ, ಸೋಂಕಿನ ಅಪಾಯ ಇದಕ್ಕೂ ಇದೆ. ಡಿಎಚ್‌ಇಎ ಎಂಬ ಹಾರ್ಮೋನ್ ಮಾತ್ರೆಗೆ ಆಧಾರ ದುರ್ಬಲ; ಮೊಡವೆ, ಮುಖದ ಕೂದಲು ಹೆಚ್ಚುವುದುಂಟು. ಇವುಗಳಿಗೆ ಇಡುವ ಹಣವನ್ನು ಇನ್ನೊಂದು ಐವಿಎಫ್ ಪ್ರಯತ್ನಕ್ಕೆ ಉಳಿಸಿಕೊಳ್ಳಿ ಎನ್ನುತ್ತೇನೆ.

ದಾನಿಯ ಅಂಡಾಣು 33ಕ್ಕೆ, ನಿಮ್ಮದನ್ನು ಒಂದು ಸಲವೂ ಪ್ರಯತ್ನಿಸದೆ, ಮೊದಲ ಆಯ್ಕೆಯಾಗಬಾರದು. ಮುಂದೆಂದಾದರೂ ಬೇಕಾದರೆ ತಿಳಿದಿರಲಿ: 2021ರ ಎಆರ್‌ಟಿ (ನೆರವಿನ ಸಂತಾನೋತ್ಪತ್ತಿ ತಂತ್ರಜ್ಞಾನ) ಕಾಯ್ದೆಯಂತೆ ದಾನಿ 23ರಿಂದ 35ರೊಳಗಿನವರಾಗಿರಬೇಕು, ನೋಂದಾಯಿತ ಬ್ಯಾಂಕಿನ ಮೂಲಕವೇ ಬರಬೇಕು, ಜೀವಮಾನದಲ್ಲಿ ಒಮ್ಮೆ ಮಾತ್ರ, ಏಳಕ್ಕಿಂತ ಹೆಚ್ಚು ಅಂಡಾಣು ತೆಗೆಯುವಂತಿಲ್ಲ. ಚಿಕಿತ್ಸೆ ಪಡೆಯುವ ಮಹಿಳೆಗೆ 50ರವರೆಗೆ ಅವಕಾಶವಿದೆ. ಯಶಸ್ಸಿನ ಪ್ರಮಾಣ ಚೆನ್ನಾಗಿದೆ, ಏಕೆಂದರೆ ಅಲ್ಲಿ ಲೆಕ್ಕಕ್ಕೆ ಬರುವುದು ದಾನಿಯ ವಯಸ್ಸು. ಆದರೆ ಅಂಥ ಬಸಿರಿನಲ್ಲಿ ರಕ್ತದೊತ್ತಡ ಏರುವ ಸಂಭವ ಹೆಚ್ಚು. ಇದನ್ನು ನಿಮಗೀಗ ಗಡಿಬಿಡಿಯಲ್ಲಿ ನಿರ್ಧರಿಸಬೇಕಾದ ಅಗತ್ಯವೇ ಇಲ್ಲ, ಏಕೆಂದರೆ ಎಲ್ಲ ಆಯ್ಕೆಗಳಲ್ಲಿ ಕಾಯಬಲ್ಲದ್ದು ಇದೊಂದೇ.

ಇನ್ನು ನಿಮ್ಮ ತಂಗಿ. ಅಕ್ಕನಿಗೆ 33ಕ್ಕೆ ದಾಸ್ತಾನು ಕುಗ್ಗಿರುವಾಗ, ತಾಯಿಗೆ 41ಕ್ಕೆ ಮುಟ್ಟು ನಿಂತಿರುವಾಗ, 26ರ ಆಕೆಗೆ ಎಎಂಎಚ್ ಮತ್ತು ಒಂದು ಸ್ಕ್ಯಾನ್ ಮಾಡಿಸುವುದಕ್ಕೆ ಸಕಾರಣವಿದೆ. ಮದುವೆಯಾಗದವರಿಗೆ ಹೊಟ್ಟೆಯ ಮೇಲಿನಿಂದಲೇ ಸ್ಕ್ಯಾನ್ ಮಾಡಬಹುದು, ಹಾಗಾಗಿ ಎಎಂಎಚ್‌ಗೇ ಹೆಚ್ಚು ತೂಕ ಕೊಡಬೇಕಾಗುತ್ತದೆ. ವರದಿ ಚೆನ್ನಾಗಿದ್ದರೆ ಒಂದೆರಡು ವರ್ಷಕ್ಕೊಮ್ಮೆ ಮತ್ತೆ ನೋಡಿದರಾಯಿತು. ಕಡಿಮೆ ಇದ್ದರೆ ಅಂಡಾಣುಗಳನ್ನು ಶೈತ್ಯದಲ್ಲಿ ಕಾದಿಡುವ ಬಗ್ಗೆ ಆಕೆಯೊಂದಿಗೆ ನೇರವಾಗಿ ಮಾತಾಡಬೇಕು. ಕಾಯ್ದೆ 21 ದಾಟಿದ ಅವಿವಾಹಿತೆಗೂ ಅದಕ್ಕೆ ಅವಕಾಶ ಕೊಡುತ್ತದೆ. ಅದಕ್ಕೂ ಮೊದಲು ನಿಮ್ಮ ತಾಯಿಯನ್ನು ಕೂರಿಸಿಕೊಂಡು ಒಂದು ವಿಷಯ ಕೇಳಿ: ಅವರ ತವರಿನ ಕಡೆ, ಅಕ್ಕತಂಗಿಯರ ಮಕ್ಕಳಲ್ಲಿ, ಬುದ್ಧಿ ಬೆಳವಣಿಗೆ ಕುಂಠಿತವಾದ ಗಂಡುಮಕ್ಕಳು ಯಾರಾದರೂ ಇದ್ದಾರೆಯೇ? ಎಫ್‌ಎಂಆರ್1 ಜೀನ್‌ನ ಬದಲಾವಣೆ ಕೆಲವು ಮನೆತನಗಳಲ್ಲಿ ಹೆಂಗಸರಿಗೆ ಬೇಗ ಮುಟ್ಟು ನಿಲ್ಲಿಸುತ್ತದೆ, ಮುಂದಿನ ತಲೆಮಾರಿನ ಗಂಡುಮಕ್ಕಳಲ್ಲಿ ಫ್ರಜೈಲ್ ಎಕ್ಸ್ ಎಂಬ ತೊಂದರೆಯಾಗಿ ಕಾಣಿಸಿಕೊಳ್ಳುತ್ತದೆ. ಹೌದು ಎಂಬ ಉತ್ತರ ಬಂದರೆ ಐವಿಎಫ್‌ಗೆ ದಿನ ಗೊತ್ತುಮಾಡುವ ಮುನ್ನ ನೀವು ಆ ಜೀನ್‌ನ ರಕ್ತಪರೀಕ್ಷೆ ಮಾಡಿಸಿಕೊಂಡು ಜೆನೆಟಿಕ್ ಕೌನ್ಸೆಲರ್ ಒಬ್ಬರನ್ನು ಕಾಣಬೇಕು, ನಿಮ್ಮ ತಂಗಿಯನ್ನೂ ಜೊತೆಗೆ ಕರೆದುಕೊಂಡು.